ಶಿಲೆಗೊಂದು ನ್ಯಾಯ, ಓಲೆಗೊಂದು ನ್ಯಾಯ: ‘ಇಂಡಿಯನ್ ಆಂಟಿಕ್ವೆರಿ’ಯ ಭದ್ರಬಾಹು ಚರ್ಚೆ

ಕರ್ನಾಟಕದ ಇತಿಹಾಸಸಂಶೋಧನೆಗೆ ಮೊದಲು ವೇದಿಕೆಯೊದಗಿಸಿದ ನಿಯತಕಾಲಿಕಗಳಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಗೆ ಅಗ್ರಸ್ಥಾನ ಸಲ್ಲುವುದರಲ್ಲಿ ವಿವಾದವಿಲ್ಲ. ೧೮೭೨ರಲ್ಲಿ ಜೇಮ್ಸ್ ಬರ್ಜೆಸ್ಸರು ಮುಂಬಯಿಯಲ್ಲಿ ಆರಂಭಿಸಿದ ಈ ಪತ್ರಿಕೆ ೧೯೩೩ರವರೆಗೆ ನಡೆಯಿತು. ಹೆಸರಿಗೆ ಇದು ಅಖಿಲ ಭಾರತದ್ದು. ಆದರೆ ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಮಾಲೆಯನ್ನು ಜೆ. ಎಫ್. ಫ್ಲೀಟರು ಇದರಲ್ಲಿಯೇ ಪ್ರಕಟಿಸಿದುದರಿಂದಲೂ, ಕಿಟೆಲ್, ರೈಸ್, ಕೆ. ಬಿ. ಪಾಠಕ್ ಮೊದಲಾದವರು ಇದಕ್ಕೆ ಬರೆದುದರಿಂದಲೂ, ಹಲವು ದಶಕಗಳ ಕಾಲ ಇದು ಕನ್ನಡನಾಡಿನ ಪ್ರಾದೇಶಿಕ ಇತಿಹಾಸಪತ್ರಿಕೆಯ ಕೆಲಸವನ್ನೇ ಮಾಡಿತೆನ್ನಬಹುದು.

ಜೈನ ಇತಿಹಾಸಕ್ಕೆ ಇದರಿಂದಾದ ಉಪಕಾರ ಅಲ್ಪವಲ್ಲ. ಹಲಸಿ ಮತ್ತು ದೇವಗಿರಿಯ ಕದಂಬ ತಾಮ್ರಪಟಗಳು ೧೮೭೭-೭೮ರ ಸಂಪುಟಗಳಲ್ಲಿ ಪ್ರಕಟವಾದ ಮೇಲೆ ನಿರ್ಗ್ರಂಥ, ಶ್ವೇತಪಟ, ಯಾಪನೀಯ, ಕೂರ್ಚಕ ಸಂಘಗಳು ಪ್ರಾಚೀನ ಕರ್ನಾಟಕದಲ್ಲಿದ್ದುದು ರಾಜಶಾಸನಗಳ ಆಧಾರದಿಂದಲೇ ಸ್ಥಿರಪಟ್ಟಿತು. ಪಾಠವನ್ನು ಅನುವಾದದೊಡನೆ ಮುದ್ರಿಸುವುದು, ಸಾಧ್ಯವಾದೆಡೆ ಪಟಗಳ ಪ್ರತಿಚ್ಛಾಯೆಯನ್ನೂ ಕೊಡುವುದು ಈ ಪತ್ರಿಕೆಯ ಪದ್ಧತಿ. ಫ್ಲೀಟರ ನಿರ್ಣಯವನ್ನು ಒಪ್ಪದವನೂ ಅವರು ಒದಗಿಸಿದ ಸಾಮಗ್ರಿಯಿಂದಲೇ ಅವರನ್ನು ಖಂಡಿಸಬಹುದಾಗಿತ್ತು.

ಹಸ್ತಪ್ರತಿಗಳ ವಿಷಯದಲ್ಲಿ ಇದೇ ಶಿಸ್ತು ಉಳಿಯಲಿಲ್ಲ. ಭದ್ರಬಾಹು-ಚಂದ್ರಗುಪ್ತರನ್ನು ಕುರಿತ ಚರ್ಚೆಯೇ ಇದಕ್ಕೆ ನಿದರ್ಶನ. ೧೮೭೪ರಲ್ಲಿ ರೈಸರು ದೇವಚಂದ್ರನ ‘ರಾಜಾವಳೀಕಥೆ’ಯನ್ನು ಮುಂದಿಟ್ಟುಕೊಂಡು, ಶ್ರುತಕೇವಲಿ ಭದ್ರಬಾಹುಗಳೊಡನೆ ಮೌರ್ಯ ಚಂದ್ರಗುಪ್ತನು ಶ್ರವಣಬೆಳಗೊಳಕ್ಕೆ ಬಂದನೆಂಬ ಪರಂಪರೆಯನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದರು. ೧೮೯೨ರಲ್ಲಿ ಫ್ಲೀಟರು ಇದನ್ನು ತಿರಸ್ಕರಿಸಿದರು. ಹತ್ತೊಂಬತ್ತನೆಯ ಶತಮಾನದ ಗ್ರಂಥ ಎರಡು ಸಾವಿರ ವರ್ಷಗಳ ಹಿಂದಿನ ಘಟನೆಗೆ ಸಾಕ್ಷಿಯಾಗಲಾರದೆಂಬುದು ನ್ಯಾಯವಾದ ಆಕ್ಷೇಪವೇ. ಆದರೆ ಅದರ ಸ್ಥಾನದಲ್ಲಿ ಅವರು ನಿಲ್ಲಿಸಿದ್ದೇನು? ಹೋರ್ನ್ಲೆಯವರು ಅದೇ ಪತ್ರಿಕೆಯಲ್ಲಿ ೧೮೯೧ರಲ್ಲಿ ಪ್ರಕಟಿಸಿದ್ದ ಸರಸ್ವತೀಗಚ್ಛದ ಪಟ್ಟಾವಳಿಗಳು! ಅವುಗಳ ಬಲದಿಂದ ಭದ್ರಬಾಹು ಎರಡನೆಯವನೆಂದೂ, ಚಂದ್ರಗುಪ್ತನೆಂದರೆ ಅವನ ಶಿಷ್ಯ ಗುಪ್ತಿಗುಪ್ತನೆಂದೂ ಊಹಿಸಲಾಯಿತು. ಪಟ್ಟಾವಳಿಗಳೂ ಈಚಿನ ಸಂಕಲನಗಳೇ. ಕನ್ನಡದ ಅರ್ವಾಚೀನ ಗ್ರಂಥ ತ್ಯಾಜ್ಯವಾದರೆ ಉತ್ತರದ ಅರ್ವಾಚೀನ ಪಟ್ಟಿ ಗ್ರಾಹ್ಯವಾಗುವುದು ಯಾವ ನ್ಯಾಯದಿಂದ? ಶಾಸನದ ಒಂದು ಅಕ್ಷರಕ್ಕಾಗಿ ಪುಟಗಟ್ಟಲೆ ವಾದಿಸುವ ಪಂಡಿತರು, ಪಟ್ಟಾವಳಿಯ ಆರಂಭಭಾಗ ಯಾವ ಮೂಲದಿಂದ ಬಂದಿತು, ಅದರ ವರ್ಷಸಂಖ್ಯೆಗಳನ್ನು ಯಾರು ಯಾವಾಗ ಕೂಡಿಸಿದರು ಎಂಬ ಪ್ರಶ್ನೆಗಳಿಗೆ ಅಷ್ಟೇ ಗಮನ ಕೊಡಲಿಲ್ಲ.

ಶಾಸನಗಳಾದರೂ ಹೇಳುವುದು ಮಿತವಾದುದನ್ನೇ. ಚಿಕ್ಕಬೆಟ್ಟದ ಸುಮಾರು ಕ್ರಿ. ಶ. ೬೦೦ರ ಬಂಡೆಶಾಸನ ಗುರುಪರಂಪರೆಯನ್ನು ಹೇಳಿ, ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ವೈಷಮ್ಯವನ್ನು ಮುಂದಾಗಿ ತಿಳಿಸಿದರೆಂದೂ, ಸಂಘವು ದಕ್ಷಿಣಾಪಥಕ್ಕೆ ನಡೆಯಿತೆಂದೂ ಹೇಳುತ್ತದೆ. ಚಂದ್ರಗುಪ್ತನ ಹೆಸರನ್ನು ಎತ್ತುವುದಿಲ್ಲ. ಕಟವಪ್ರದ ಮೇಲೆ ಸಮಾಧಿ ಹೊಂದಿದವರು ಭದ್ರಬಾಹುಗಳೆಂದು ರೈಸರೂ, ಪ್ರಭಾಚಂದ್ರಾಚಾರ್ಯರೆಂದು ಫ್ಲೀಟರೂ ಅರ್ಥೈಸಿದರು. ಅದೇ ಬೆಟ್ಟದ ಏಳನೆಯ ಶತಮಾನದ ಇನ್ನೊಂದು ಶಾಸನ ಭದ್ರಬಾಹು-ಚಂದ್ರಗುಪ್ತ ಮುನಿಗಳನ್ನು ಜೊತೆಯಾಗಿ ಸ್ಮರಿಸುತ್ತದೆ. ಮೌರ್ಯನೆಂಬ ಮಾತು ಅಲ್ಲಿಯೂ ಇಲ್ಲ. ಇವೆರಡರ ನಡುವಣ ಅಂತರವನ್ನು ತುಂಬಬೇಕಾದುದು ಕಥಾಸಾಹಿತ್ಯ. ಆ ಸಾಹಿತ್ಯ ಆಗ ಬಹುಮಟ್ಟಿಗೆ ಭಂಡಾರಗಳಲ್ಲಿಯೇ ಇತ್ತು. ಕ್ರಿ. ಶ. ೯೩೧ರ ಹರಿಷೇಣನ ‘ಬೃಹತ್ಕಥಾಕೋಶ’ ಡಾ. ಆ. ನೇ. ಉಪಾಧ್ಯೆಯವರಿಂದ ಸಂಪಾದಿತವಾಗಿ ಹೊರಬಂದುದು ೧೯೪೩ರಲ್ಲಿ. ಅದರಲ್ಲಿ ಭದ್ರಬಾಹುಗಳು ದಕ್ಷಿಣಕ್ಕೆ ಬರುವುದೇ ಇಲ್ಲ. ವಿಶಾಖಾಚಾರ್ಯನೆಂಬ ಹೆಸರನ್ನು ತಳೆದ ಚಂದ್ರಗುಪ್ತನೇ ಸಂಘವನ್ನು ಪುನ್ನಾಟಕ್ಕೆ ಕರೆದೊಯ್ಯುತ್ತಾನೆ. ‘ವಡ್ಡಾರಾಧನೆ’ಯಾದರೋ ಭದ್ರಬಾಹುಗಳ ಸಮಾಧಿಯನ್ನು ಕಳ್ಬಪ್ಪುವಿನಲ್ಲಿಯೇ ಹೇಳುತ್ತದೆ. ಆರಾಧನಾ ಸಂಪ್ರದಾಯದ ಎರಡು ಕಥಾಕೋಶಗಳು ಹೀಗೆ ಭಿನ್ನವಾಗಿ ನುಡಿಯುವಾಗ, ‘ಜೈನ ಪರಂಪರೆ’ ಎಂದು ಏಕವಚನದಲ್ಲಿ ಹೇಳಿ ಅದನ್ನು ಇಡಿಯಾಗಿ ಒಪ್ಪುವುದೂ, ಇಡಿಯಾಗಿ ಅಲ್ಲಗಳೆಯುವುದೂ ಸಮಾನವಾಗಿ ಅವಿಚಾರಿತವಾಗುತ್ತದೆ. ರೈಸ್-ಫ್ಲೀಟರಿಬ್ಬರಲ್ಲಿಯೂ ಈ ದೋಷವಿದೆ. (ಫ್ಲೀಟರ ಹೆಸರು ಕೇಳಿದೊಡನೆ ಕೋಪಿಸಿಕೊಳ್ಳುವ ಶ್ರದ್ಧಾಳುಗಳು ರೈಸರ ದೋಷವನ್ನು ಮರೆಯುವುದುಂಟು.)

ಭಂಡಾರಗಳ ಬಾಗಿಲು ಆಗ ಸುಲಭವಾಗಿ ತೆರೆಯುತ್ತಿರಲಿಲ್ಲವೆಂಬ ಸಮಾಧಾನವನ್ನು ಹೇಳಬಹುದು. ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಓಲೆಗ್ರಂಥಗಳ ಸೂಚಿಯನ್ನು ಪಂ. ಕೆ. ಭುಜಬಲಿ ಶಾಸ್ತ್ರಿಗಳು ಭಾರತೀಯ ಜ್ಞಾನಪೀಠದ ಮೂಲಕ ಪ್ರಕಟಿಸಿದುದು ೧೯೪೮ರಲ್ಲಿ, ಪತ್ರಿಕೆ ನಿಂತು ಹದಿನೈದು ವರ್ಷಗಳ ಮೇಲೆ. ಆದರೆ ಈ ಸಮಾಧಾನ ಆ ಕಾಲಕ್ಕಷ್ಟೇ ಸಲ್ಲುತ್ತದೆ. ಸೂಚಿಗಳು ಕೈಗೆ ಬಂದ ಮೇಲೂ ಪ್ರಾದೇಶಿಕ ಇತಿಹಾಸದ ಲೇಖನಗಳಲ್ಲಿ ಶಾಸನಕ್ಕೆ ಸಂಪುಟ, ಸಂಖ್ಯೆ, ಪಂಕ್ತಿಗಳ ನಿರ್ದೇಶವಿರುತ್ತದೆ. ಹಸ್ತಪ್ರತಿಗೆ ಮಾತ್ರ ‘ಒಂದು ಓಲೆಪ್ರತಿಯಲ್ಲಿ’ ಎಂಬಷ್ಟೇ ಉಲ್ಲೇಖವಿರುವುದು ಅಪರೂಪವಲ್ಲ. ಯಾವ ಭಂಡಾರದ್ದು, ಎಷ್ಟು ಗರಿಗಳದ್ದು, ಲಿಪಿಕಾರನಾರು, ಅಂತ್ಯದ ಪ್ರಶಸ್ತಿಯಲ್ಲಿ ಶಕವರ್ಷ ಉಂಟೋ ಇಲ್ಲವೋ ಎಂಬುದನ್ನು ಓದುಗನೇ ಹುಡುಕಿಕೊಳ್ಳಬೇಕು. ಶಾಸ್ತ್ರದಾನಕ್ಕೆಂದು ಬರೆಯಿಸಿದ ಪ್ರತಿಯ ಪ್ರಶಸ್ತಿಯಲ್ಲಿ ದಾನಿ, ಗುರು, ಊರು, ತಿಥಿವಾರಗಳೆಲ್ಲ ಕಾಣಸಿಗುತ್ತವೆ; ಬಸದಿಯ ದಾನಶಾಸನವೊಂದರಿಂದ ಇತಿಹಾಸಕಾರನು ಅಪೇಕ್ಷಿಸುವುದೂ ಇವನ್ನೇ.