ಪಹಣಿ ಹಾಳೆ ಯಾರ ಪ್ರಶ್ನೆಗೆ ಉತ್ತರ?

ಶಿಕಾರಿಪುರದ ತಾಲ್ಲೂಕು ಕಚೇರಿಗೆ ಹೋಗಿ ಈಸೂರಿನ ಒಂದು ಸರ್ವೆ ನಂಬರ್ ಹೇಳಿ ಶುಲ್ಕ ಕಟ್ಟಿದರೆ ಪ್ರಿಂಟರ್ ಒಂದು ಪಹಣಿ ಕೊಡುತ್ತದೆ. ಸೊಸೈಟಿಯವರು ಬೆಳೆಸಾಲಕ್ಕೆ ಅದನ್ನೇ ಕೇಳುತ್ತಾರೆ. ವಕೀಲರು ದಾವೆಗೆ, ಮಧ್ಯಸ್ಥಗಾರ ಮಾರಾಟಕ್ಕೆ, ಅಣ್ಣತಮ್ಮಂದಿರು ಪಾಲಿನ ಪಂಚಾಯ್ತಿಗೆ ಅದನ್ನೇ ಬಿಡಿಸಿ ಕೂರುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಇಷ್ಟು ಕೈ ದಾಟುವ ಡೇಟಾಬೇಸ್ ರಿಪೋರ್ಟ್ ಇನ್ನೊಂದಿಲ್ಲ. ಆದರೆ ನಾವು ಅದರಲ್ಲಿರುವ ಹೆಸರು ಸರಿಯೋ ತಪ್ಪೋ ಎಂದು ನೋಡುತ್ತೇವೆಯೇ ಹೊರತು, ಆ ಹಾಳೆಯನ್ನೇ ಒಂದು ವಿನ್ಯಾಸವೆಂದು ಎದುರಿಗಿಟ್ಟು ಅಳೆಯುವುದಿಲ್ಲ. ಯಾವ ಮಾಹಿತಿಗೆ ಎಷ್ಟು ಜಾಗ, ಯಾವುದು ಮೊದಲು, ಯಾವುದಕ್ಕೆ ಜಾಗವೇ ಇಲ್ಲ ಎಂಬುದನ್ನು ಯಾರೋ ಕೂತು ತೀರ್ಮಾನಿಸಿದ್ದಾರೆ. ಆ ತೀರ್ಮಾನಗಳನ್ನು ಇಲ್ಲಿ ಪರೀಕ್ಷಿಸಬಹುದು.

ಪರೀಕ್ಷೆಗೆ ಈಸೂರೇ ತಕ್ಕ ಊರು. 1942ರ ಸೆಪ್ಟೆಂಬರಿನಲ್ಲಿ ಈ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಾಗ ಮೊದಲು ಎದುರಿಸಿದ್ದು ಕಂದಾಯದ ವ್ಯವಸ್ಥೆಯನ್ನು. ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡ ಕಥೆಯನ್ನು ಊರು ಈಗಲೂ ಹೇಳುತ್ತದೆ. ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಮುಂದಿನ ಘರ್ಷಣೆಯಲ್ಲಿ ತಾಲ್ಲೂಕಿನ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಸತ್ತರು. 1943ರ ಮಾರ್ಚಿನಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ನೆಲದ ಮೇಲಿನ ಅಧಿಕಾರ ನಿಂತಿರುವುದು ಪುಸ್ತಕದ ಮೇಲೆ ಎಂಬುದನ್ನು ಆ ರೈತರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅರವತ್ತು ವರ್ಷದೊಳಗೆ ಆ ಪುಸ್ತಕ ಶಾನುಭೋಗರ ಮನೆಯಿಂದ ಗ್ರಾಮ ಲೆಕ್ಕಿಗರ ಚೀಲಕ್ಕೆ, ಅಲ್ಲಿಂದ ಕಂಪ್ಯೂಟರಿಗೆ ಹೋಯಿತು.

ಕಂಪ್ಯೂಟರಿಗೆ ಹೋದದ್ದು ‘ಭೂಮಿ’ ಯೋಜನೆಯಲ್ಲಿ. ಕಂದಾಯ ಇಲಾಖೆಯ ಪರವಾಗಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ, ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ತಂತ್ರಾಂಶ ಬರೆದ ಈ ಕೆಲಸದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದಿಂದ ಡೇಟಾಬೇಸಿಗೆ ಬಂದವು. ಈ ಶತಮಾನದ ಆರಂಭಕ್ಕೆ ತಾಲ್ಲೂಕು ಕಚೇರಿಗಳಲ್ಲಿ ಕಿಯೋಸ್ಕ್‌ಗಳು ತೆರೆದುಕೊಂಡವು, 15 ರೂಪಾಯಿಗೆ ಒಂದು ಪ್ರತಿ ಸಿಗತೊಡಗಿತು. ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅದಕ್ಕೆ ಮೊದಲು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಪುಸ್ತಕದಿಂದ ಒಂದು ನಕಲು ಬರಬೇಕಾದರೆ 3ರಿಂದ 30 ದಿನ ಹಿಡಿಯುತ್ತಿತ್ತು ಎಂದು ವಿಶ್ವಬ್ಯಾಂಕಿನ ಅಧ್ಯಯನವೊಂದು ಹೇಳಿತ್ತು. ಆ ದಿನಗಳಿಗೆ ತೆರುತ್ತಿದ್ದ ಕೈಬಿಸಿಯ ವಿಷಯ ಬೇರೆ.

ಭೂಮಿಯ ಸ್ಕ್ರೀನು ಮತ್ತು ಹಾಳೆಯಲ್ಲಿ ಮೆಚ್ಚಬೇಕಾದ ಸಂಗತಿಗಳು ಮೂರಿವೆ. ಮೊದಲನೆಯದು, ಹೊಸತನದ ಆಸೆಗೆ ಬೀಳದಿದ್ದುದು. ಪಹಣಿಯ ಆಕಾರವನ್ನು 1966ರ ಭೂಕಂದಾಯ ನಿಯಮಗಳ ನಮೂನೆ 16 ಗೊತ್ತುಮಾಡಿತ್ತು. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಖರಾಬು, ಕಂದಾಯ ಎಂದು ಹೊರಟು 9ನೇ ಕಲಮಿಗೆ ಸ್ವಾಧೀನದಾರನ ಹೆಸರು, 10ಕ್ಕೆ ಸ್ವಾಧೀನತೆಯ ರೀತಿ, 11ಕ್ಕೆ ಹಕ್ಕು ಮತ್ತು ಋಣ, 12ಕ್ಕೆ ಸಾಗುವಳಿದಾರ ಮತ್ತು ಬೆಳೆ. ಕಂಪ್ಯೂಟರು ಈ ಕ್ರಮವನ್ನು ಕದಲಿಸಲಿಲ್ಲ. ‘ಒಂಬತ್ತರಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಏನು ಕೂತಿದೆ’ ಎಂದು ಮಾತಾಡುವ ಹಳ್ಳಿಯ ಹಿರಿಯರು ಹೊಸ ಹಾಳೆಯನ್ನೂ ಹಳೆಯದರಂತೆಯೇ ಓದಿದರು. ಕೋಟಿಗಟ್ಟಲೆ ದಾಖಲೆ ಮಾಧ್ಯಮ ಬದಲಿಸುವಾಗ ನಂಬಿಕೆ ಉಳಿಸಿದ್ದು ಈ ಹಟ.

ಎರಡನೆಯದು, ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ. ಕಿಯೋಸ್ಕಿನಲ್ಲಿ ಆಪರೇಟರ್ ಮುಂದೆ ಒಂದು ಮಾನಿಟರ್ ಇದ್ದರೆ, ಕಿಟಕಿಯಾಚೆ ನಿಂತವನು ನೋಡಲು ಇನ್ನೊಂದನ್ನು ಇಟ್ಟಿದ್ದರು. ಆಪರೇಟರ್ ಏನು ತೆರೆದ, ಯಾವ ನಂಬರು ಒತ್ತಿದ ಎಂಬುದು ಎದುರಿನವನಿಗೂ ಕಾಣುತ್ತಿತ್ತು. ತಂತ್ರಾಂಶದಲ್ಲಿ ಒಂದು ಗೆರೆಯನ್ನೂ ಬದಲಿಸದೆ ಕಚೇರಿಯ ಅಂತಸ್ತನ್ನು ಬದಲಿಸಿದ ವಿನ್ಯಾಸ ಇದು. ನನ್ನ ಮಟ್ಟಿಗೆ ಇಡೀ ಯೋಜನೆಯ ಅತ್ಯುತ್ತಮ ಆಲೋಚನೆಯೂ ಇದೇ.

ಮೂರನೆಯದು, ಸ್ಕ್ರೀನಿನ ಹಿಂದಿನ ಕಾವಲು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಮುಂದೆ ಹೋಗಬೇಕು. ಬದಲಾವಣೆ ಮಾಡಿದ ಅಧಿಕಾರಿ ಬೆರಳಚ್ಚು ಕೊಡಬೇಕು. ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆ 10ನೇ ಕಲಮಿಗೆ ಬಂದು ಕೂರಬೇಕು. ದಾಖಲೆ ಹೇಗೆ ಬದಲಾಯಿತು ಎಂಬುದಕ್ಕೆ ದಾಖಲೆಯೊಳಗೇ ಸುಳಿವು ಉಳಿಯಿತು.

ಇನ್ನು ತಕರಾರು. ಡೆಸ್ಕ್‌ಟಾಪ್ ಡೇಟಾಬೇಸಿನ ಕೆಲಸ ಮಾಡಿದವರಿಗೆ ಒಂದು ಚಾಳಿ ಪರಿಚಿತ. 1992ರಲ್ಲಿ ಮೈಕ್ರೊಸಾಫ್ಟ್ ಆಕ್ಸೆಸ್ ಬಂದಾಗಿನಿಂದ, ಅದಕ್ಕೂ ಮೊದಲು ಡಿಬೇಸ್, ಫಾಕ್ಸ್‌ಪ್ರೊ ಕಾಲದಿಂದಲೂ, ಟೇಬಲ್ ಕಟ್ಟಿದ ಮೇಲೆ ಸ್ಕ್ರೀನು ತಾನಾಗಿ ಹುಟ್ಟುತ್ತದೆ. ವಿಜಾರ್ಡ್ ಒತ್ತಿದರೆ ಸಾಕು. ಟೇಬಲ್ಲಿನಲ್ಲಿ ಎಷ್ಟು ಫೀಲ್ಡ್ ಇದೆಯೋ ಅಷ್ಟು ಪೆಟ್ಟಿಗೆ, ಫೀಲ್ಡಿಗೆ ಯಾವ ಹೆಸರಿದೆಯೋ ಪೆಟ್ಟಿಗೆಗೂ ಅದೇ ಹೆಸರು. ರಿಪೋರ್ಟೂ ಹಾಗೆಯೇ. ಹೀಗೆ ಹುಟ್ಟಿದ ಸ್ಕ್ರೀನು ಡೇಟಾಬೇಸಿಗೆ ಏನು ಬೇಕೋ ಅದನ್ನು ಕೇಳುತ್ತದೆ, ಎದುರಿಗೆ ಕೂತವನಿಗೆ ಏನು ಗೊತ್ತೋ ಅದನ್ನು ಕೇಳುವುದಿಲ್ಲ. ತಾಲ್ಲೂಕಿನ ಸಹಕಾರ ಸಂಘದಿಂದ ಅಡಿಕೆ ಮಂಡಿಯವರೆಗೆ ಎಷ್ಟೋ ಕಡೆ ಈ ಚಾಳಿಯನ್ನು ಕಾಣಬಹುದು. ಭೂಮಿಯಂಥ ದೊಡ್ಡ ಕೆಲಸವೂ ಅದರಿಂದ ಪಾರಾಗಲಿಲ್ಲ.

ಆನ್‌ಲೈನಿನಲ್ಲಿ ಪಹಣಿ ಹುಡುಕುವ ಪುಟವನ್ನೇ ನೋಡಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಆದಮೇಲೆ ‘ಸರ್ನೋಕ್’ ಎಂಬ ಪೆಟ್ಟಿಗೆ ಬರುತ್ತದೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ನಕ್ಷತ್ರದ ಚಿಹ್ನೆ. ಅದನ್ನು ಆರಿಸದೆ ಹಿಸ್ಸಾ ತೆರೆಯುವುದಿಲ್ಲ. ರೈತನಿಗೆ ಆ ಪೆಟ್ಟಿಗೆಯಿಂದ ಏನೂ ಆಗಬೇಕಿಲ್ಲ, ಡೇಟಾಬೇಸಿನ ಕೀಲಿಗೆ ಅದು ಬೇಕು. ಆಯ್ಕೆ ಒಂದೇ ಇದ್ದಾಗ ತಂತ್ರಾಂಶ ತಾನೇ ಆರಿಸಿಕೊಂಡು ಮುಂದೆ ಹೋಗಬಹುದಿತ್ತು. ಒಳಮನೆಯ ಲೆಕ್ಕವನ್ನು ಜಗಲಿಗೆ ತಂದಿಟ್ಟ ಈ ಸಣ್ಣ ತಪ್ಪು ಲಕ್ಷಾಂತರ ಜನರನ್ನು ಒಂದು ಕ್ಷಣ ತಡೆದು, ಇದು ನಿನ್ನ ಜಾಗವಲ್ಲ ಎನ್ನುತ್ತದೆ. ಈ ಪುಟದಲ್ಲಿ ಸಿಕ್ಕಿಕೊಂಡವನು ಪಕ್ಕದ ಸೈಬರ್ ಅಂಗಡಿಯವನಿಗೆ ದುಡ್ಡು ಕೊಡುವುದು ಇಂಥ ತಡೆಗಳಿಂದಲೇ.

ವಿಸ್ತೀರ್ಣದ ಬರಹ ಇನ್ನೂ ಗಂಭೀರ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆಯ ನಡುವೆ ಚುಕ್ಕೆ ಬೀಳುತ್ತದೆ. 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ರೈತನಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಇದೇ ಅಂಕಿಯನ್ನು ಬೇರೊಂದು ಕಚೇರಿಯ ಎಕ್ಸೆಲ್ ಹಾಳೆಗೆ ಹಾಕಿದರೆ ಚುಕ್ಕೆ ದಶಮಾಂಶವಾಗಿ ಬಿಡುತ್ತದೆ. 1.25 ಮತ್ತು 1.25 ಸೇರಿದರೆ ನಲವತ್ತು ಗುಂಟೆಯ ಲೆಕ್ಕದಲ್ಲಿ 3.10, ಎಕ್ಸೆಲ್ ಲೆಕ್ಕದಲ್ಲಿ 2.50. ಎರಡು ಸಣ್ಣ ಹಿಡುವಳಿ ಕೂಡಿಸುವಷ್ಟರಲ್ಲಿ ಮೂವತ್ತು ಗುಂಟೆಯಷ್ಟು ವ್ಯತ್ಯಾಸ. ಐವತ್ತು ಗುಂಟೆ ಎಂಬ ಅಳತೆ ಗುಂಟೆ ಕಲಮಿನಲ್ಲಿ ಇರಲಾರದು ಎಂದು ಎಕ್ಸೆಲ್ಲಿಗೆ ಯಾರು ಹೇಳಬೇಕು? ಎಕರೆಗೊಂದು, ಗುಂಟೆಗೊಂದು ಪ್ರತ್ಯೇಕ ಮನೆ ಕೊಟ್ಟು ಅಚ್ಚು ಹಾಕಿದ್ದರೆ ಈ ಅಪಾಯವೇ ಇರುತ್ತಿರಲಿಲ್ಲ.

ಜಂಟಿ ಖಾತೆಗೆ ಬಂದರೆ ಹಾಳೆ ಬಾಯಿ ಮುಚ್ಚಿಕೊಳ್ಳುತ್ತದೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಐದಾರು ಮಕ್ಕಳ ಹೆಸರು 9ನೇ ಕಲಮಿನಲ್ಲಿ ಸಾಲಾಗಿ ನಿಲ್ಲುತ್ತವೆ. ಬಿನ್, ಕೋಂ ಎಂದು ಸಂಬಂಧವೂ ಇರುತ್ತದೆ. ಆದರೆ ಯಾರಿಗೆ ಎಷ್ಟು ಪಾಲು, ನೆಲದ ಮೇಲೆ ಯಾರು ಯಾವ ತುದಿಯಲ್ಲಿ ಉಳುತ್ತಿದ್ದಾರೆ ಎಂಬುದಕ್ಕೆ, ಅಳತೆ ಮಾಡಿ ಪಾಲು ಬೇರ್ಪಡಿಸುವ ಪೋಡಿ ಆಗುವವರೆಗೂ, ಉತ್ತರವಿಲ್ಲ. ಇನ್ನು ‘ಪೈಕಿ’ ನಂಬರುಗಳು. ಒಂದೇ ಸರ್ವೆ ನಂಬರಿನಲ್ಲಿ ಹಲವರಿಗೆ ಮಂಜೂರಾದ ಮಲೆನಾಡಿನ ಸರ್ಕಾರಿ ಜಮೀನಿನಲ್ಲಿ ಪೈಕಿಗಳು ಸಾಲುಗಟ್ಟಿವೆ. ಹಾಳೆಯಲ್ಲಿ ಎಲ್ಲವೂ ಒಂದೊಂದು ಸ್ವತಂತ್ರ ಹಿಡುವಳಿಯಂತೆ ಕಾಣುತ್ತವೆ, ಅಳತೆ ಮಾತ್ರ ಆಗಿರುವುದಿಲ್ಲ. ಅಳತೆಯಾದ ಜಮೀನಿಗೂ ಆಗದ ಜಮೀನಿಗೂ ಒಂದೇ ಮುಖ ಕೊಟ್ಟದ್ದು ವಿನ್ಯಾಸದ ದೋಷ. ಕೊಳ್ಳುವವನು ನೋಡಲೇಬೇಕಾದ ಮೊದಲ ಸಂಗತಿ ಅಳತೆ ಆಗಿದೆಯೇ ಎಂಬುದು.

ಇದೇ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳ ಕಡೆ ಕಣ್ಣು ಹಾಯಿಸಿದರೆ ಇನ್ನೊಂದು ಕೊರತೆ ಕಾಣುತ್ತದೆ. 1902ರಲ್ಲಿ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿ ಶಿಕಾರಿಪುರ ಸೀಮೆಯ ಶಾಸನಗಳನ್ನು ಪ್ರಕಟಿಸಿದರು. ದಾನ ಕೊಟ್ಟ ಭೂಮಿಯ ಶಾಸನಗಳು ಎಷ್ಟೋ ಸಲ ಮೂಡಲಲ್ಲಿ ಏನು, ಪಡುವಲಲ್ಲಿ ಏನು ಎಂದು ಎಲ್ಲೆ ಹೇಳುತ್ತವೆ. ಇಂದಿನ ಕ್ರಯಪತ್ರದಲ್ಲೂ ಚಕ್ಕುಬಂದಿ ಇರುತ್ತದೆ. ರೈತ ತನ್ನ ಗದ್ದೆಯನ್ನು ಗುರುತಿಸುವುದೂ ಹಾಗೆಯೇ: ಕೆರೆ ಏರಿಯಿಂದ ಇತ್ತ, ಹಳ್ಳದಿಂದ ಅತ್ತ. ಪಹಣಿಯಲ್ಲಿ ಮಾತ್ರ ಚಕ್ಕುಬಂದಿಗೆ ಜಾಗವಿಲ್ಲ. ಆ ಕೆಲಸ ಸರ್ವೆ ಇಲಾಖೆಯ ನಕ್ಷೆಯದು ಎಂಬುದು ಆಡಳಿತದ ಉತ್ತರ. ಕಾಗದದ ಕಾಲಕ್ಕೆ ಆ ಉತ್ತರ ಸರಿ. ಎರಡೂ ಕಂಪ್ಯೂಟರಿನಲ್ಲಿರುವ ಕಾಲದಲ್ಲಿ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ನಕ್ಷೆ ಅಚ್ಚಾಗದಿರಲು ಇಲಾಖೆಗಳ ಗಡಿಯೊಂದೇ ಕಾರಣ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ 12ನೇ ಕಲಮಿನದು. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಸೀಮೆ ಇದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರ ಹಿಡಿದು ನಿಂತ ಸಾಕ್ಷ್ಯಗಳಲ್ಲಿ ಈ ಕಲಮಿನ ಹೆಸರು ಮುಖ್ಯವಾದುದು. ಒಡೆಯನಿಗೆ ಒಂಬತ್ತು, ಉಳುವವನಿಗೆ ಹನ್ನೆರಡು ಎಂದು ಎರಡು ಮನೆ ಮಾಡಿದ್ದರಿಂದಲೇ ಅವರಿಬ್ಬರೂ ಬೇರೆ ಎಂದು ತೋರಿಸಲು ಸಾಧ್ಯವಾಯಿತು. ರಿಪೋರ್ಟಿನ ಒಂದು ಪೆಟ್ಟಿಗೆ ನೆಲದ ಒಡೆತನವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಆ ಪೆಟ್ಟಿಗೆ ಇಂದಿಗೂ ಇದೆ. ಸಾಮಾನ್ಯವಾಗಿ ಅದರಲ್ಲಿ ‘ಸ್ವಂತ’ ಎಂದಿರುತ್ತದೆ. ಸೊರಬ, ಶಿಕಾರಿಪುರದ ಕಡೆ ಶುಂಠಿ ಹಾಕುವವರು ಜಮೀನನ್ನು ಲೀಸಿಗೆ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ವ್ಯವಹಾರ. ಆದರೆ ಕಾನೂನು ಗೇಣಿಯನ್ನು ನಿಷೇಧಿಸಿರುವುದರಿಂದ ಲೀಸಿನವನ ಹೆಸರು ಪಹಣಿಗೆ ಬರುವಂತಿಲ್ಲ, ಬರಲಿ ಎಂದು ಜಮೀನಿನವನೂ ಬಯಸುವುದಿಲ್ಲ. ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿದ್ದವನಿಗೆ, ನಷ್ಟ ಶುಂಠಿ ಹಾಕಿದವನಿಗೆ. ಇದನ್ನು ತಂತ್ರಾಂಶದ ತಪ್ಪು ಎನ್ನಲಾಗದು. ಆದರೆ ಇತ್ತೀಚಿನ ವರ್ಷಗಳಲ್ಲಿ ಮೊಬೈಲ್ ಆ್ಯಪ್‌ನಲ್ಲಿ ಫೋಟೊ ತೆಗೆದು ಬೆಳೆ ಸಮೀಕ್ಷೆ ಮಾಡುವ ಸರ್ಕಾರ, ಯಾವ ಬೆಳೆ ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ಕೇಳಿ, ಯಾರು ಬೆಳೆದರು ಎಂಬುದನ್ನು ಕೇಳದೆ ಬಿಡುವುದರಲ್ಲಿ ಒಂದು ನಿಲುವಿದೆ. ಸ್ಕ್ರೀನು ಕೇಳದಿದ್ದ ಪ್ರಶ್ನೆಗೆ ದಾಖಲೆಯಲ್ಲಿ ಉತ್ತರ ಹುಟ್ಟುವುದಿಲ್ಲ.

ಬಗರ್ ಹುಕುಂ ಸಾಗುವಳಿದಾರನದು ಇದರ ಇನ್ನೊಂದು ಮುಖ. ದಶಕಗಳಿಂದ ಉಳುತ್ತಿದ್ದರೂ ಆ ಜಮೀನಿನ ಪಹಣಿ ಸರ್ಕಾರದ್ದು. ಅವನ ಅರ್ಜಿ ನಮೂನೆ 50, 53, 57 ಎಂಬ ಬೇರೆ ಕಡತಗಳಲ್ಲಿ ಇರುತ್ತದೆ, ಪಹಣಿಯಲ್ಲಿ ಅದರ ಸುಳಿವು ಸಿಗುವುದಿಲ್ಲ. 2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಅನುಭವ ಇಟ್ಟುಕೊಂಡು, ಭೂಮಿ ಯೋಜನೆ ಬಗೆಬಗೆಯ ಹಕ್ಕುಗಳನ್ನು ಒಂದೇ ಅಚ್ಚಿಗೆ ಒತ್ತಿತು, ಅದರ ಲಾಭ ದೊಡ್ಡ ಕೊಳ್ಳುಗರಿಗೆ ಸಿಕ್ಕಿತು ಎಂದು ಟೀಕಿಸಿದರು. ಅವರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಅಚ್ಚು ಕಂಪ್ಯೂಟರಿನದಲ್ಲ, ನಮೂನೆ 16ರದು. ಕೈಬರಹದ ಕಾಲದಲ್ಲೂ ಬಗರ್ ಹುಕುಂ ರೈತನಿಗೆ ಅದರಲ್ಲಿ ಜಾಗವಿರಲಿಲ್ಲ. ಆದರೆ ಕೈಬರಹದ ಪುಸ್ತಕಕ್ಕೆ ಅಂಚು ಇತ್ತು. ಅಲ್ಲಿ ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ, ಒಂದು ಷರಾ ಬೀಳುತ್ತಿತ್ತು. ಆ ಅಂಚಿನಲ್ಲಿ ಲಂಚವೂ ಇತ್ತು, ನ್ಯಾಯವೂ ಇತ್ತು. ಡೇಟಾಬೇಸ್ ಎರಡನ್ನೂ ಒಟ್ಟಿಗೆ ಒರೆಸಿತು.

ಹಾಗಾದರೆ ತೀರ್ಪೇನು? ದಾಖಲೆ ಕಾಯುವ ಸ್ಕ್ರೀನಾಗಿ ಭೂಮಿ ಯಶಸ್ವಿ. ಯಾರು, ಯಾವಾಗ, ಯಾವ ಆದೇಶದ ಮೇಲೆ ಬದಲಿಸಿದರು ಎಂದು ಹೇಳುವ ಶಿಸ್ತು ಅದರಲ್ಲಿದೆ. ಓದುವ ರಿಪೋರ್ಟಾಗಿ ಪಹಣಿ ಸೋತಿದೆ, ಯಾಕೆಂದರೆ ಅದನ್ನು ಓದುಗನಿಗಾಗಿ ಯಾರೂ ಮಾಡಿಯೇ ಇಲ್ಲ. ಅದು ಅಧಿಕಾರಿಯ ಪುಸ್ತಕದ ನಕಲು. ನಕಲು ಕೊಡುವುದನ್ನೇ ಮಾಹಿತಿ ಕೊಡುವುದು ಎಂದುಕೊಂಡಲ್ಲಿ ಡೆಸ್ಕ್‌ಟಾಪ್ ಡೇಟಾಬೇಸುಗಳ ಹಳೆಯ ಚಾಳಿ ಮುಂದುವರಿದಿದೆ.

ನಮೂನೆ 16 ನ್ಯಾಯಾಲಯಕ್ಕೂ ಬ್ಯಾಂಕಿಗೂ ಇದ್ದ ಹಾಗೆಯೇ ಇರಲಿ. ಅದರ ಬೆನ್ನಿಗೆ ಜಮೀನಿನವನಿಗಾಗಿ ಇನ್ನೊಂದು ಪುಟ ಅಚ್ಚಾಗಬೇಕು. ನನ್ನ ಜಮೀನು ಅಳತೆಯಾಗಿದೆಯೇ? ಜಂಟಿಯಲ್ಲಿ ನನ್ನ ಪಾಲು ನಮೂದಾಗಿದೆಯೇ? 11ರಲ್ಲಿ ಕಳೆದ ಸಲಕ್ಕಿಂತ ಹೊಸದಾಗಿ ಏನು ಸೇರಿದೆ, ಯಾರ ಆದೇಶದಿಂದ? ನನ್ನ ಯಾವ ಅರ್ಜಿ ಯಾರ ಮೇಜಿನ ಮೇಲಿದೆ? ಇವಿಷ್ಟಕ್ಕೂ ಉತ್ತರ ಕಂದಾಯ ಇಲಾಖೆಯ ಕಂಪ್ಯೂಟರುಗಳಲ್ಲಿ ಈಗಾಗಲೇ ಚದುರಿ ಬಿದ್ದಿದೆ, ಹೊಸದಾಗಿ ಸಂಗ್ರಹಿಸಬೇಕಾದದ್ದು ಕಡಿಮೆ. ಆ ಪುಟವನ್ನು ಬೆಂಗಳೂರಿನಲ್ಲಿ ರಚಿಸಿ ಕಳಿಸುವ ಮೊದಲು ಈಸೂರಿನ ನಾಲ್ಕು ಮನೆಯವರ ಕೈಗೆ ಕೊಟ್ಟು, ಯಾರ ಸಹಾಯವೂ ಇಲ್ಲದೆ ಗಟ್ಟಿಯಾಗಿ ಓದಿಸಬೇಕು. ಅವರು ತಡವರಿಸಿದ ಕಡೆಯಲ್ಲೆಲ್ಲ ತಿದ್ದುಪಡಿ ಆಗಬೇಕಾದದ್ದು ಹಾಳೆಗೆ.