ಛಾಯಾಪ್ರತಿಯ ಪ್ರಾಮಾಣ್ಯ: ಫಿಲ್ಮ್ ಮತ್ತು ಸ್ಕ್ಯಾನರುಗಳ ಆಯ್ಕೆಯನ್ನು ಕುರಿತು ಒಂದು ವಿಮರ್ಶೆ

ಗ್ರಂಥಸಂಪಾದಕರು ತಾವು ಬಳಸಿದ ಪ್ರತಿಗಳ ಸ್ವರೂಪವನ್ನು ಪೀಠಿಕೆಯಲ್ಲಿ ಸವಿಸ್ತಾರವಾಗಿ ವಿವರಿಸುವುದು ವಾಡಿಕೆ. ಓಲೆಯ ಉದ್ದಗಲವೆಷ್ಟು, ಪುಟಕ್ಕೆ ಪಂಕ್ತಿಗಳೆಷ್ಟು, ಲಿಪಿಕಾರನಾರು, ಅವನ ಹಸ್ತದೋಷಗಳಾವುವು ಎಂಬುದೆಲ್ಲ ಅಲ್ಲಿ ದೊರೆಯುತ್ತದೆ. ಆದರೆ ಮೂಲವನ್ನು ಕಣ್ಣಾರೆ ಕಾಣದೆ, ಅದರ ಛಾಯಾಚಿತ್ರವನ್ನು ನೋಡಿ ಪಾಠವನ್ನು ನಿರ್ಣಯಿಸಿದಾಗ ಮಾತ್ರ, ಛಾಯಾಪ್ರತಿಯನ್ನು ಉಪಯೋಗಿಸಿಕೊಳ್ಳಲಾಗಿದೆ ಎಂಬ ಒಂದೇ ವಾಕ್ಯದಲ್ಲಿ ವಿಷಯವು ಮುಗಿದುಹೋಗುತ್ತದೆ. ಯಾವ ಫಿಲ್ಮು, ಯಾವ ಬೆಳಕು, ಯಾವ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ್ದು ಎಂಬುದರ ಸುಳಿವೂ ಇರುವುದಿಲ್ಲ. ಛಾಯಾಚಿತ್ರವೆಂದರೆ ಮೂಲವೇ ಎಂಬ ಭ್ರಾಂತಿ ಇದಕ್ಕೆ ಕಾರಣ. ಫಿಲ್ಮೂ ಒಂದು ಪ್ರತಿ. ಅದರ ಸ್ಕ್ಯಾನು ಪ್ರತಿಯ ಪ್ರತಿ. ಲಿಪಿಕಾರನಿಗೆ ಇರುವಂತೆಯೇ ಇವೆರಡಕ್ಕೂ ತಮ್ಮವೇ ಆದ ದೋಷಗಳುಂಟು. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರತಿಯ ಪ್ರತಿಯನ್ನು ನೆಚ್ಚಿದರೆ ಆಗುವ ಅನರ್ಥವು ಜೈನ ವಿದ್ವಾಂಸರಿಗೆ ಹೊಸದಲ್ಲ. ಧವಲಾಟೀಕೆಯ ಮೊದಲ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಪ್ರಕಟವಾದಾಗ ಅದಕ್ಕೆ ಆಧಾರವಾಗಿದ್ದುವು ಕಾಗದದ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಆ ಪ್ರತಿಗಳಲ್ಲಿಲ್ಲದ ‘ಸಂಜದ’ ಎಂಬ ಪದವು ಮೂಡಬಿದಿರೆಯ ತಾಡವೋಲೆಯಲ್ಲಿ ಇದ್ದುದೂ, ಆ ಒಂದು ಪದದಿಂದ ಎಷ್ಟು ದೊಡ್ಡ ಸಿದ್ಧಾಂತಚರ್ಚೆ ಎದ್ದಿತೆಂಬುದೂ ಓದುಗರಿಗೆ ವಿದಿತವೇ ಆಗಿದೆ. ಅಲ್ಲಿ ಪದವನ್ನು ಬಿಟ್ಟದ್ದು ಮನುಷ್ಯನ ಕೈ. ಇಂದು ಆ ಕೆಲಸವನ್ನು ಯಂತ್ರವೂ ಮಾಡಬಲ್ಲುದು. ಆದರೆ ಯಂತ್ರವನ್ನು ಶಂಕಿಸುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

ಈ ಮಾತನ್ನು ಒಂದು ಸೀಮೆಯಲ್ಲಿಟ್ಟು ಪರೀಕ್ಷಿಸೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದುವು. ಇವುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ 1905ರಲ್ಲಿಯೇ ಪ್ರಕಟಿಸಿದರು. ಮಾಗಡಿ ತಾಲ್ಲೂಕಿನ ಕಲ್ಯದ ಶಾಸನವು ಅವುಗಳಲ್ಲಿ ನಮಗೆ ಮುಖ್ಯವಾದುದು. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಇದ್ದ ವಿವಾದವನ್ನು ತೀರ್ಮಾನಿಸಿದ ವಿಷಯ ಶ್ರವಣಬೆಳಗೊಳದ ಶಾಸನದಲ್ಲಿಯೂ ಕಲ್ಯದ ಶಾಸನದಲ್ಲಿಯೂ ಉಂಟು. ಒಂದೇ ತೀರ್ಪು ಎರಡು ಶಿಲೆಗಳಲ್ಲಿರುವುದರಿಂದ ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುವುದು ಸಂಪಾದಕನ ಕರ್ತವ್ಯ. ಆದರೆ ಬೆಳಗೊಳದ ಚಿತ್ರವನ್ನು ಓರೆಬೆಳಕಿನಲ್ಲಿಯೂ ಕಲ್ಯದ ಚಿತ್ರವನ್ನು ನಡುಹಗಲಿನ ನೇರಬೆಳಕಿನಲ್ಲಿಯೂ ತೆಗೆದು ಹೋಲಿಸಿದರೆ, ನಾವು ಪಾಠಾಂತರವೆಂದು ಗುರುತಿಸುವುದು ಕೇವಲ ಬೆಳಕಿನ ಅಂತರವಾಗಿರಬಹುದು.

ಶಿಲೆಯಲ್ಲಿ ಅಕ್ಷರವಿರುವುದು ಬಣ್ಣದಲ್ಲಲ್ಲ, ನೆರಳಿನಲ್ಲಿ. ಎಡಗಡೆಯಿಂದ ಬಿದ್ದ ಬೆಳಕು ನಿಂತ ಗೆರೆಗಳನ್ನು ಸ್ಫುಟವಾಗಿ ತೋರಿಸುತ್ತದೆ. ಬೆಳಕಿನ ದಾರಿಯಲ್ಲಿಯೇ ಅಡ್ಡಲಾಗಿ ಹರಿದ ತಲೆಕಟ್ಟನ್ನು ಮರೆಸುತ್ತದೆ. ಆದ್ದರಿಂದ ಬೇರೆ ಬೇರೆ ದಿಕ್ಕುಗಳ ಬೆಳಕಿನಲ್ಲಿ ಕಡಮೆಯೆಂದರೆ ಎರಡು ಚಿತ್ರಗಳು ಬೇಕು. ಇದಕ್ಕೆ 100 ಅಥವಾ 125 ವೇಗದ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಯೋಗ್ಯ. ಇಲ್ಫೋರ್ಡ್ ಎಫ್‌ಪಿ-4 ಪ್ಲಸ್, ಕೊಡಕ್ ಟಿ-ಮ್ಯಾಕ್ಸ್ 100 ಈ ಬಗೆಯವು. ದಾಖಲೆಗಳಿಗೆಂದೇ ತಯಾರಾದ ಕಡುವೈದೃಶ್ಯದ ಮೈಕ್ರೊಫಿಲ್ಮು ಅಚ್ಚಾದ ಪುಟಕ್ಕೆ ಉತ್ತಮವಾದರೂ ಶಿಲೆಗೆ ಸಲ್ಲದು. ಕಪ್ಪು ಬಿಳುಪುಗಳ ನಡುವಣ ಬೂದುಛಾಯೆಗಳನ್ನು ಅದು ನುಂಗಿಬಿಡುವುದರಿಂದ ಕಲ್ಲಿನ ಸಹಜವಾದ ಕುಳಿಯೂ ಅನುಸ್ವಾರದಂತೆ ಕಾಣುತ್ತದೆ.

ಓಲೆಯ ಸಂಗತಿ ಬೇರೆ. ಕಂಟದಿಂದ ಕೊರೆದು ಮಸಿ ತುಂಬದ ಓಲೆಗೆ ಶಿಲೆಯಂತೆಯೇ ಓರೆಬೆಳಕು ಬೇಕು. ಮಸಿ ತುಂಬಿದ ಓಲೆಗೆ ಎರಡೂ ಕಡೆಯಿಂದ ಸಮನಾದ ಬೆಳಕು ಬೇಕು. ಹಳೆಯ ಓಲೆ ಕಂದಿ ಕಪ್ಪಾಗಿರುವಾಗ, ಕೆಂಪನ್ನು ಗ್ರಹಿಸಲಾರದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಓಲೆಯೂ ಮಸಿಯೂ ಒಂದೇ ಕತ್ತಲಾಗುತ್ತವೆ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮನ್ನು ಕಿತ್ತಳೆ ಅಥವಾ ಕೆಂಪು ಫಿಲ್ಟರಿನೊಡನೆ ಬಳಸಿದರೆ ಓಲೆ ಬೆಳಗಿ ಮಸಿಯ ಅಕ್ಷರ ಕಪ್ಪಾಗಿಯೇ ಉಳಿಯುತ್ತದೆ. ಆದರೆ ಅದೇ ಫಿಲ್ಟರನ್ನು ಕಾಗದದ ಪ್ರತಿಗೂ ಹಾಕಿದರೆ ಕೆಂಪುಮಸಿಯಲ್ಲಿ ಬರೆದ ದಂಡಗಳೂ ಸಂಧಿಸೂಚನೆಗಳೂ ಪುಷ್ಪಿಕೆಯೂ ಕಾಗದದಲ್ಲಿಯೇ ಕರಗಿಹೋಗುತ್ತವೆ. ಅಲ್ಲಿ ಇಲ್ಫೋರ್ಡ್ ಆರ್ಥೊ ಪ್ಲಸ್‌ನಂತಹ ಫಿಲ್ಮೇ ಲೇಸು. ಅದು ಕೆಂಪನ್ನು ಕಪ್ಪಾಗಿ ತೋರಿಸುತ್ತದೆ. ಒಂದಕ್ಕೆ ಗುಣವಾದದ್ದು ಇನ್ನೊಂದಕ್ಕೆ ದೋಷ. ಕೆಂಪು ಫಿಲ್ಟರಿನ ಚಿತ್ರವೊಂದನ್ನೇ ನೋಡಿ ‘ಈ ಪ್ರತಿಯಲ್ಲಿ ಪುಷ್ಪಿಕೆಯಿಲ್ಲ’ ಎಂದು ಬರೆದರೆ ಆ ತಪ್ಪಿಗೆ ಹೊಣೆ ಲಿಪಿಕಾರನಲ್ಲ.

ಇನ್ನು ಸ್ಕ್ಯಾನರಿನ ವಿಚಾರ. ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 45 ಸೆಂಟಿಮೀಟರ್ ಉದ್ದದ ಓಲೆಯನ್ನು 36 ಮಿಲಿಮೀಟರ್ ಅಗಲದ ಒಂದೇ ಚೌಕಟ್ಟಿನಲ್ಲಿ ಹಿಡಿದರೆ ಅದು 12.5 ಪಟ್ಟು ಕುಗ್ಗುತ್ತದೆ. ಓಲೆಯ ಮೇಲೆ 1 ಮಿಲಿಮೀಟರ್ ಅಗಲವಿರುವ ಅನುಸ್ವಾರದ ಸೊನ್ನೆ ಫಿಲ್ಮಿನಲ್ಲಿ 0.08 ಮಿಲಿಮೀಟರ್ ಆಗುತ್ತದೆ. ಫ್ಲ್ಯಾಟ್‌ಬೆಡ್ ಸ್ಕ್ಯಾನರುಗಳ ಪೆಟ್ಟಿಗೆಯ ಮೇಲೆ ಅಂಗುಲಕ್ಕೆ 6400 ಬಿಂದುಗಳೆಂದು ಮುದ್ರಿಸಿದ್ದರೂ ಪರೀಕ್ಷಾಫಲಕದಲ್ಲಿ ನಿಜವಾಗಿ ದೊರೆಯುವುದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಮೆ. ಅದನ್ನು 2300 ಎಂದಿಟ್ಟುಕೊಂಡರೆ ಆ ಸೊನ್ನೆಗೆ ಸಿಕ್ಕುವುದು ಅಡ್ಡಲಾಗಿ ಏಳು ಬಿಂದುಗಳು ಮಾತ್ರ. ಸೊನ್ನೆಯ ಒಡಲು ತೆರೆದಿದೆಯೋ ಮುಚ್ಚಿದೆಯೋ, ಅದು ಅಕ್ಷರವೋ ಫಿಲ್ಮಿನ ಕಣವೋ ಎಂಬುದನ್ನು ಏಳು ಬಿಂದುಗಳು ಹೇಳಲಾರವು. ಅದೇ ಓಲೆಯನ್ನು ಅಂಚುಗಳು ಒಂದರ ಮೇಲೊಂದು ಬರುವಂತೆ ಮೂರು ಭಾಗಗಳಾಗಿ ತೆಗೆದರೆ ಕುಗ್ಗುವುದು ಐದು ಪಟ್ಟಿಗಿಂತ ಕಡಮೆ. ಸೊನ್ನೆಗೆ ಹತ್ತೊಂಬತ್ತು ಬಿಂದುಗಳು ದೊರೆಯುತ್ತವೆ. ಹೆಚ್ಚು ಬೆಲೆಯ ಸ್ಕ್ಯಾನರನ್ನು ಕೊಳ್ಳುವುದಕ್ಕೆ ಮುಂಚೆ ಚೌಕಟ್ಟುಗಳನ್ನು ಹೆಚ್ಚಿಸುವುದು ಉಚಿತ. ಹಳೆಯ ಫಿಲ್ಮುಗಳ ವಿಷಯದಲ್ಲಿ ಅದು ಸಾಧ್ಯವಿಲ್ಲವಾದ್ದರಿಂದ ಫಿಲ್ಮಿಗೆಂದೇ ರಚಿಸಿದ ಸ್ಕ್ಯಾನರನ್ನು ಬಳಸಬೇಕು. ಇಲ್ಲವೆ ಬೆಳಕಿನ ಹಲಗೆಯ ಮೇಲೆ ಫಿಲ್ಮನ್ನಿಟ್ಟು ಮ್ಯಾಕ್ರೊ ಮಸೂರದ ಡಿಜಿಟಲ್ ಕ್ಯಾಮರಾದಿಂದ ಹಿಡಿಯಬೇಕು.

ಮತ್ತೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಬಣ್ಣದ ಫಿಲ್ಮಿನ ಮೇಲಣ ಧೂಳನ್ನು ಅವಕೆಂಪು ಕಿರಣದಿಂದ ಗುರುತಿಸಿ ತೆಗೆಯುವ ಉಪಾಯವು ಅನೇಕ ಸ್ಕ್ಯಾನರುಗಳಲ್ಲಿದೆ. ಕಪ್ಪುಬಿಳುಪು ಫಿಲ್ಮಿನಲ್ಲಿರುವ ಬೆಳ್ಳಿಯು ಆ ಕಿರಣವನ್ನೂ ತಡೆಯುವುದರಿಂದ ಅಲ್ಲಿ ಇದು ನಡೆಯದು. ಆಗ ತಂತ್ರಾಂಶವು ಊಹೆಯಿಂದಲೇ ಚುಕ್ಕೆಗಳನ್ನು ಧೂಳೆಂದು ಬಗೆದು ಅಳಿಸುತ್ತದೆ. ಕನಕಪುರದ ಕಡೆಯ ಒಂದು ಮನೆತನದಲ್ಲಿದ್ದ ಓಲೆಕಟ್ಟೊಂದನ್ನು ಬಹಳ ವರ್ಷಗಳ ಹಿಂದೆ ಫಿಲ್ಮಿನಲ್ಲಿ ಹಿಡಿದಿದ್ದರು. ಓಲೆಗಳು ಆಮೇಲೆ ಗೆದ್ದಲಿಗೆ ತುತ್ತಾದುವು. ಸ್ಕ್ಯಾನ್ ಮಾಡಿಸಿ ತಂದ ಚಿತ್ರವನ್ನು ನೋಡಿ ನಾನು ಒಂದೆಡೆ ‘ಬಸದಿಯ’ ಎಂದು ಓದಿ, ದ್ವಿತೀಯೆಯ ಸ್ಥಾನದಲ್ಲಿ ಷಷ್ಠಿ ಬಂದಿರುವುದು ಲಿಪಿಕಾರನ ಅಜ್ಞಾನವೆಂದು ಅಡಿಟಿಪ್ಪಣಿಯನ್ನೂ ಬರೆದೆ. ಎರಡು ವರ್ಷಗಳ ತರುವಾಯ ನೆಗೆಟಿವನ್ನೇ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ‘ಬಸದಿಯಂ’ ಎಂಬ ಪಾಠ ನಿಸ್ಸಂದೇಹವಾಗಿ ಕಂಡಿತು. ಲಿಪಿಕಾರನು ಸರಿಯಾಗಿಯೇ ಬರೆದಿದ್ದನು. ಅಜ್ಞಾನವು ನನ್ನದು. ಅಂದು ಆ ಮನೆಯವರು, ಸ್ಕ್ಯಾನ್ ಆದಮೇಲೆ ಈ ಸುರುಳಿಗಳೇಕೆ, ಎಸೆದುಬಿಡೋಣವೇ ಎಂದು ಕೇಳಿದ್ದರು. ಎಸೆದಿದ್ದರೆ ಆ ಟಿಪ್ಪಣಿಯ ತಪ್ಪನ್ನು ತಿದ್ದಲು ಲೋಕದಲ್ಲಿ ಯಾವ ಸಾಧನವೂ ಉಳಿಯುತ್ತಿರಲಿಲ್ಲ. ಹುಣಿಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತಗಳಲ್ಲಿ ಈ ಭಯ ಇನ್ನೂ ಹೆಚ್ಚು. ಕರಿಯ ನೆಲದ ಮೇಲೆ ಬಳಪದ ಬಿಳಿಯ ಚುಕ್ಕೆಗೂ ಧೂಳಿಗೂ ರೂಪಭೇದವೇ ಇಲ್ಲ.

ಹಾಗೆಂದು ಫಿಲ್ಮು ಚಿರಂಜೀವಿಯೆಂದೂ ತಿಳಿಯಬಾರದು. ಇಲ್ಲಿ ಒಂದು ಚಲನಚಿತ್ರದ ಪ್ರಸ್ತಾಪವನ್ನು ಓದುಗರು ಮನ್ನಿಸಬೇಕು. ರಾಮನಗರದ ಬಂಡೆಗಳ ನಡುವೆ 1973ರಲ್ಲಿ ಚಿತ್ರೀಕರಣ ಆರಂಭವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯ ಮೂಲ ನೆಗೆಟಿವು ಐವತ್ತು ವರ್ಷ ತುಂಬುವಷ್ಟರಲ್ಲಿ ತೀವ್ರವಾಗಿ ಕೆಟ್ಟಿದ್ದಿತು. 2025ರಲ್ಲಿ ಅದರ ಪುನರುದ್ಧಾರವಾದದ್ದು ಬೇರೆಡೆ ಉಳಿದಿದ್ದ ಮಧ್ಯಂತರ ಪ್ರತಿಗಳ ಸ್ಕ್ಯಾನಿನಿಂದ. ಕೋಟಿಗಟ್ಟಲೆ ಜನ ನೋಡಿದ ಚಿತ್ರದ ಗತಿಯೇ ಹೀಗಾದರೆ ಮನೆಯ ಅಟ್ಟದ ಮೇಲಿನ ನಮ್ಮ ಸುರುಳಿಗಳ ಪಾಡೇನು? ಅಸಿಟೇಟ್ ತಳದ ಫಿಲ್ಮು ಸೆಕೆಗೂ ತೇವಕ್ಕೂ ಹುಳಿವಾಸನೆ ಬೀರುತ್ತ ಮುದುಡಿಕೊಳ್ಳುತ್ತದೆ. ಡಬ್ಬಿಯನ್ನು ತೆರೆದಾಗ ಆ ವಾಸನೆ ಬಂದರೆ ಅದನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ಸ್ಕ್ಯಾನ್ ಮಾಡಿಸಬೇಕು. ಹೊಸದಾಗಿ ತೆಗೆಯುವುದಾದರೆ, ದೊರೆತಲ್ಲಿ, ಪಾಲಿಯೆಸ್ಟರ್ ತಳದ ಫಿಲ್ಮನ್ನೇ ಆರಿಸಬೇಕು.

ಧರ್ಮದೃಷ್ಟಿಯ ಒಂದು ಆಕ್ಷೇಪವನ್ನೂ ಇಲ್ಲಿ ಎತ್ತಿಕೊಳ್ಳಬೇಕು. ಫಿಲ್ಮಿನಲ್ಲಿ ಬೆಳ್ಳಿಯ ಲವಣಗಳನ್ನು ಹಿಡಿದಿಡುವ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ಆಗುವ ವಸ್ತು. ಆಗಮಗಳ ಚಿತ್ರಣಕ್ಕೆ ಇಂತಹುದನ್ನು ಬಳಸಬಹುದೇ ಎಂಬ ಪ್ರಶ್ನೆ ಹಗುರವಾದುದಲ್ಲ. ಒಪ್ಪದ ಭಂಡಾರಗಳು ನೇರವಾಗಿ ಡಿಜಿಟಲ್ ಕ್ಯಾಮರಾದಿಂದಲೇ ಚಿತ್ರಿಸಿಕೊಳ್ಳಲಿ. ಬೆಳಕು, ಫಿಲ್ಟರುಗಳ ನಿಯಮ ಅಲ್ಲಿಯೂ ಒಂದೇ. ಆದರೆ ಈಗಾಗಲೇ ಇರುವ ಫಿಲ್ಮನ್ನು ನಾಶಮಾಡುವುದರಿಂದ ಆಗಿಹೋದ ಹಿಂಸೆ ಹಿಂದಿರುಗದು. ಶ್ರುತವು ಮಾತ್ರ ನಷ್ಟವಾಗುತ್ತದೆ.

ಆದ್ದರಿಂದ ಇನ್ನು ಮುಂದೆ ಛಾಯಾಪ್ರತಿಯಿಂದ ಪಾಠವನ್ನು ಕೊಡುವ ಸಂಪಾದಕರು ಫಿಲ್ಮಿನ ಜಾತಿ, ಫಿಲ್ಟರು, ಬೆಳಕಿನ ದಿಕ್ಕು, ಕುಗ್ಗಿಸಿದ ಪ್ರಮಾಣ, ಸ್ಕ್ಯಾನರಿನ ನಿಜವಾದ ಸಾಮರ್ಥ್ಯ, ಧೂಳು ತೆಗೆಯುವ ಕ್ರಮವನ್ನು ಬಳಸಿದ್ದುಂಟೋ ಇಲ್ಲವೋ ಎಂಬ ಆರು ಸಂಗತಿಗಳನ್ನು ಪೀಠಿಕೆಯಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ. ತಿದ್ದದ ಸ್ಕ್ಯಾನನ್ನು ಟಿಫ್ ರೂಪದಲ್ಲಿ ಕಾದಿಟ್ಟು, ತಿದ್ದಿದ್ದನ್ನು ಬೇರೆಯಾಗಿ ಇಡಬೇಕು. ಸಂದೇಹ ಬಂದೆಡೆ ನೆಗೆಟಿವನ್ನೇ ನೋಡಬೇಕು; ಮೂಲವಿದ್ದರೆ ಮೂಲವನ್ನೇ ನೋಡಬೇಕು. ಒಂದೊಂದು ಚಿತ್ರವೂ ವಸ್ತುವಿನ ಒಂದೊಂದು ಮುಖವನ್ನು ಹೇಳುವ ನಯ. ತಾನು ನಯವೆಂದು ಹೇಳಿಕೊಳ್ಳುವವರೆಗೆ ಅದು ಉಪಕಾರಿ. ಉಳಿದ ಮುಖಗಳನ್ನು ನಿರಾಕರಿಸಿ ತಾನೇ ಪ್ರಮಾಣವೆಂದು ನಿಂತಾಗ ಅದು ನಯಾಭಾಸ. ಈ ವಿವೇಕವನ್ನು ಶಾಸ್ತ್ರದಲ್ಲಿ ಕಲಿತ ನಾವು ಸ್ಕ್ಯಾನರಿನ ಮುಂದೆ ಕುಳಿತಾಗ ಮರೆಯಬಾರದು.