ಎರಡು ವಾರದ ಅಣ್ಣ-ಅಕ್ಕಂದಿರು

ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಬಂದವರು ಅಂಕೋರ್ ವಾಟ್ ನೋಡದೆ ಹೋಗುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಅವರ ತಿರುಗಾಟದ ಪಟ್ಟಿಗೆ ಇನ್ನೊಂದು ತಾಣ ಸೇರಿಕೊಂಡಿತು: ಅನಾಥಾಲಯ. ಬೆಳಿಗ್ಗೆ ಗುಡಿ, ಸಂಜೆ ಮಕ್ಕಳ ನೃತ್ಯ, ಬಿಡುವಿದ್ದವರಿಗೆ ಎರಡು ವಾರ ಇಂಗ್ಲಿಷ್ ಪಾಠ ಹೇಳುವ ಸೇವೆ. ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ 2011ರಲ್ಲಿ ಹೊರತಂದ ವರದಿಯ ಪ್ರಕಾರ 2005ರಲ್ಲಿ 154 ಇದ್ದ ಇಂಥ ಸಂಸ್ಥೆಗಳು 2010ಕ್ಕೆ 269 ಆದವು. ಮಕ್ಕಳ ಸಂಖ್ಯೆ 6,254ರಿಂದ 11,945ಕ್ಕೆ ಏರಿತು. ಆ ಐದು ವರ್ಷಗಳಲ್ಲಿ ದೇಶದಲ್ಲಿ ಯುದ್ಧವಿರಲಿಲ್ಲ. ಖ್ಮೇರ್ ರೂಜ್ ಆಡಳಿತ ಮುಗಿದದ್ದು 1979ರಲ್ಲಿ. ಅದರ ನಾಯಕ ಪೋಲ್ ಪಾಟ್ ಕಾಲದಲ್ಲಿ ತಬ್ಬಲಿಯಾದ ಕೂಸಿಗೆ ಅಷ್ಟುಹೊತ್ತಿಗೆ ಇಪ್ಪತ್ತೈದು ದಾಟಿ, ಅದಕ್ಕೇ ಮಕ್ಕಳಾಗಿರಬೇಕು. ಬಡತನ ಇಳಿಯುತ್ತಿತ್ತು, ಏಡ್ಸ್ ಹತೋಟಿಗೆ ಬರುತ್ತಿತ್ತು. ಏರುತ್ತಿದ್ದದ್ದು ಪ್ರವಾಸಿಗಳ ಸಂಖ್ಯೆ: 14 ಲಕ್ಷದಿಂದ 25 ಲಕ್ಷಕ್ಕೆ. ಎರಡು ಗೆರೆ ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು, ಒಪ್ಪೋಣ. ಆದರೆ ಅನಾಥಾಲಯಗಳು ದಟ್ಟವಾಗಿ ಎದ್ದದ್ದು ಕಡುಬಡತನದ ದೂರದ ಜಿಲ್ಲೆಗಳಲ್ಲಲ್ಲ, ಪ್ರವಾಸಿಗಳು ಬಂದಿಳಿಯುವ ಪಟ್ಟಣಗಳ ಆಸುಪಾಸಿನಲ್ಲಿ.

ಅಲ್ಲಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲಿನವರಿಗೆ ತಂದೆಯೋ ತಾಯಿಯೋ, ಕೆಲವರಿಗೆ ಇಬ್ಬರೂ ಬದುಕಿದ್ದರು. ಹೆತ್ತವರು ಕಲ್ಲುಮನಸ್ಸಿನವರೆಂದು ತೀರ್ಪು ಕೊಡುವ ಅಗತ್ಯವಿಲ್ಲ. ಊರ ಶಾಲೆ ಸರಿಯಿಲ್ಲ, ಪಟ್ಟಣದಲ್ಲಿ ಬಿಳಿಯರೇ ಇಂಗ್ಲಿಷ್ ಕಲಿಸುತ್ತಾರೆ, ಮೂರು ಹೊತ್ತು ಊಟವಿದೆ ಎಂದು ಯಾರೋ ಬಂದು ಹೇಳಿದಾಗ ಮಗುವನ್ನು ಹಾಸ್ಟೆಲಿಗೆ ಕಳಿಸಿದಂತೆ ಕಳಿಸಿಕೊಟ್ಟರು. ನೇಪಾಳದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬದುಕಿರುವ ತಂದೆತಾಯಿಯ ಹೆಸರಿನಲ್ಲಿ ಸುಳ್ಳು ಮರಣಪತ್ರ ಮಾಡಿಸಿ ಮಕ್ಕಳನ್ನು ಕಠ್ಮಂಡುವಿಗೆ ತರುತ್ತಿದ್ದರು. ಕಾಗದದಲ್ಲಷ್ಟೇ ಅನಾಥರಾದ ಮಕ್ಕಳು. 2015ರ ಏಪ್ರಿಲ್‌ನಲ್ಲಿ ಭೂಕಂಪವಾದಾಗ ನೆರವಿನ ಹಣದ ಹಿಂದೆಯೇ ಈ ದಂಧೆ ಉಬ್ಬೀತೆಂದು ಹೆದರಿ, ಮಕ್ಕಳನ್ನು ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸುವುದಕ್ಕೆ ಅಲ್ಲಿನ ಸರ್ಕಾರ ಕಡಿವಾಣ ಹಾಕಬೇಕಾಯಿತು.

ವಿದೇಶಕ್ಕೆ ಹೋಗಿ ಸೇವೆ ಮಾಡುವ ಈ ಪದ್ಧತಿಯನ್ನು ಸಾಮಾನ್ಯವಾಗಿ ಹೋದವರ ಮನಸ್ಸನ್ನು ನೋಡಿ ಅಳೆಯುತ್ತಾರೆ. ಮನಸ್ಸು ಒಳ್ಳೆಯದೇ, ರಜೆಯನ್ನು ಕಡಲತೀರದಲ್ಲಿ ಕಳೆಯುವುದು ಬಿಟ್ಟು, ಸ್ವಂತ ದುಡ್ಡು ಕೊಟ್ಟು ಶೌಚಾಲಯ ಕಟ್ಟಲು ಹೋಗುವ ಹುಡುಗಿಯನ್ನು ಹಳಿಯಲು ನನಗೆ ಕಾರಣ ಕಾಣುವುದಿಲ್ಲ. ನೋಡಬೇಕಾದದ್ದು ಗಿರಾಕಿ ಯಾರು ಎಂಬುದನ್ನು. ದುಡ್ಡು ಕೊಡುವವರು ಸ್ವಯಂಸೇವಕರು, ಆದ್ದರಿಂದ ಗಿರಾಕಿ ಅವರೇ. ಹಳ್ಳಿ, ಶಾಲೆ, ರೋಗಿ, ಮಗು ಇವೆಲ್ಲ ಅಂಗಡಿಯಲ್ಲಿಟ್ಟ ಸರಕು. ಕೆಲಸ ಯಾವುದು, ಎಷ್ಟು ದಿನ, ಯಾವ ತಿಂಗಳು ಎಂಬುದೆಲ್ಲ ಗಿರಾಕಿಯ ಕಾಲೇಜು ರಜೆಯನ್ನು ನೋಡಿ ನಿಗದಿಯಾಗುತ್ತದೆ. ಕೆಲಸ ಕೆಟ್ಟರೆ ಲೆಕ್ಕ ಕೇಳುವ ಹಕ್ಕು ಮಾತ್ರ ಊರಿನವರಿಗಿಲ್ಲ. ಅಮೆರಿಕದ ಲೇಖಕಿ ಪಿಪ್ಪಾ ಬಿಡಲ್ 2014ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದರ ಚಿತ್ರವಿದೆ. ತಾಂಜಾನಿಯಾದಲ್ಲಿ ಅವರ ಶಾಲೆಯ ಹುಡುಗಿಯರು ಗ್ರಂಥಾಲಯ ಕಟ್ಟಲು ಹೋಗಿದ್ದರು. ಹಗಲು ಅವರು ಇಟ್ಟ ಇಟ್ಟಿಗೆಗಳನ್ನು ರಾತ್ರಿ ಊರಿನ ಗಂಡಸರು ಕಿತ್ತು, ನೆಟ್ಟಗೆ ಮತ್ತೆ ಕಟ್ಟುತ್ತಿದ್ದರಂತೆ, ಬೆಳಿಗ್ಗೆ ಎದ್ದು ಬರುವ ಹುಡುಗಿಯರಿಗೆ ಗೊತ್ತಾಗದ ಹಾಗೆ. ಗಾರೆ ಕೆಲಸ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ರಸಮಟ್ಟ ಇಟ್ಟು ನೋಡಿ, ತೂಗುಗುಂಡು ಇಳಿಬಿಟ್ಟು, ಒಂದೊಂದು ವರಸೆಯನ್ನೂ ಸರಿಮಾಡುವುದು ಹೊಸದಾಗಿ ಕಟ್ಟುವುದಕ್ಕಿಂತ ಹೆಚ್ಚು ತ್ರಾಸಿನ ಕೆಲಸ, ಅದೂ ಕತ್ತಲಲ್ಲಿ. ಆ ಗಂಡಸರು ಕಟ್ಟಿದ್ದು ಗೋಡೆಯನ್ನು ಮಾತ್ರವಲ್ಲ, ಅತಿಥಿಗಳ ಸಮಾಧಾನವನ್ನೂ.

ವಕ್ರವಾದ ಗೋಡೆಯನ್ನು ಕಿತ್ತು ಕಟ್ಟಬಹುದು, ಮಗುವನ್ನು ಹಾಗೆ ಮಾಡಲಾಗದು. ಅನಾಥಾಲಯಕ್ಕೆ ಹೋಗಿಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ಕಾಲಿಟ್ಟ ಕೂಡಲೇ ಮಕ್ಕಳು ಓಡಿಬಂದು ಕೈಹಿಡಿದವು, ಮಡಿಲೇರಿ ಕುಳಿತವು, ಬಿಡಲೊಲ್ಲವು. ಇದನ್ನು ಅವರು ಪ್ರೀತಿ ಎಂದು ಓದಿಕೊಳ್ಳುತ್ತಾರೆ. ನಮ್ಮ ಮನೆಯ ಮೂರು ವರ್ಷದ ಕೂಸು ಏನು ಮಾಡುತ್ತದೆ? ಗುರುತಿಲ್ಲದವರು ಕೈಚಾಚಿದರೆ ಅಮ್ಮನ ಸೆರಗಿನ ಹಿಂದೆ ಅವಿತು, ಅಲ್ಲಿಂದ ಇಣುಕುತ್ತದೆ. ಕಂಡಕಂಡವರ ಕೊರಳಿಗೆ ಬೀಳುವುದು ಆರೋಗ್ಯದ ಲಕ್ಷಣವಲ್ಲ, ನೆಚ್ಚಿಕೊಳ್ಳಲು ಒಬ್ಬರೂ ಖಾಯಂ ಆಗಿ ಸಿಗಲಿಲ್ಲ ಎಂಬುದರ ಲಕ್ಷಣ ಎಂದು ಮಕ್ಕಳ ಮನಶ್ಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಎರಡು ವಾರಕ್ಕೊಮ್ಮೆ ಹೊಸ ಅಕ್ಕ, ಹೊಸ ಅಣ್ಣ, ಮತ್ತೆ ಎ-ಬಿ-ಸಿ-ಡಿಯಿಂದಲೇ ಶುರು, ಮತ್ತೆ ಟಾಟಾ. ಬ್ರಿಟನ್ನಿನಂಥ ದೇಶಗಳು ತಮ್ಮಲ್ಲಿನ ದೊಡ್ಡ ಅನಾಥಾಲಯಗಳನ್ನು ಹೋದ ಶತಮಾನದ ಉತ್ತರಾರ್ಧದಲ್ಲೇ ಮುಚ್ಚಿ, ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದವು. ಅಲ್ಲಿ ಮಕ್ಕಳೊಂದಿಗೆ ಕೆಲಸಕ್ಕೆ ಸೇರಬೇಕಾದರೆ ಹಳೆಯ ಅಪರಾಧವೇನಾದರೂ ಇದೆಯೇ ಎಂದು ದಾಖಲೆ ತೆಗೆದು ನೋಡುತ್ತಾರೆ. ಅದೇ ದೇಶದ ಹತ್ತೊಂಬತ್ತರ ಹುಡುಗ ಬಡ ದೇಶಕ್ಕೆ ವಿಮಾನ ಹತ್ತಿ ಇಳಿದರೆ ಎಷ್ಟೋ ಕಡೆ ಟೀ-ಶರ್ಟೇ ಅರ್ಹತಾ ಪತ್ರ.

ಆರೋಗ್ಯದ ಶಿಬಿರಗಳದ್ದೂ ಇದೇ ಕಥೆ. ಅಮೆರಿಕದಲ್ಲಿ ಮೆಡಿಕಲ್ ಸೀಟಿಗೆ ಕಾದಿರುವ ವಿದ್ಯಾರ್ಥಿಗಳು ಹೊಂಡುರಾಸ್‌ನಂಥ ಕಡೆ ಒಂದು ವಾರದ ಕ್ಯಾಂಪಿಗೆ ಹೋಗುತ್ತಾರೆ. ಬಿಪಿ ನೋಡಿ, ಹೆಚ್ಚಿದ್ದವರಿಗೆ ಒಂದು ತಿಂಗಳ ಮಾತ್ರೆ ಕೊಟ್ಟರೆ ಎರಡನೆಯ ತಿಂಗಳು? ಬಿಪಿ ಕ್ಯಾಂಪು ಮುಗಿದ ದಿನ ಮುಗಿಯುವ ಕಾಯಿಲೆಯಲ್ಲ. ತಮ್ಮ ದೇಶದಲ್ಲಿ ಮಾಡಲು ಅನುಮತಿಯಿಲ್ಲದ ಚಿಕಿತ್ಸೆಯನ್ನು ಪರದೇಶದಲ್ಲಿ ಮಾಡಬೇಡಿ ಎಂಬರ್ಥದ ಮಾರ್ಗಸೂಚಿಯನ್ನು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವೇ 2011ರಲ್ಲಿ ಹೊರಡಿಸಬೇಕಾಯಿತು.

ಏನೂ ಇಲ್ಲದ ಕಡೆ ಇಷ್ಟಾದರೂ ಆಗುತ್ತಿದೆಯಲ್ಲ ಎನ್ನುವವರಿದ್ದಾರೆ. ಹೋಲಿಸಬೇಕಾದದ್ದು ಏನೂ ಇಲ್ಲದ ಸ್ಥಿತಿಯೊಡನೆ ಅಲ್ಲ, ಅದೇ ಹಣ ಬೇರೆ ಏನು ಮಾಡಬಹುದಿತ್ತು ಎಂಬುದರೊಡನೆ. ಮಗುವನ್ನು ಸಂಸ್ಥೆಯಲ್ಲಿ ಸಾಕುವ ಖರ್ಚು ಮನೆಯಲ್ಲಿ ಸಾಕುವುದರ ಹಲವು ಪಟ್ಟು. ಒಬ್ಬ ಸ್ವಯಂಸೇವಕನ ವಿಮಾನದ ಟಿಕೆಟ್ಟಿನಲ್ಲಿ ಎಷ್ಟೋ ಮಕ್ಕಳ ವರ್ಷದ ಶಾಲೆ ಖರ್ಚು ನಡೆದೀತು, ಅವು ಅಮ್ಮನ ಬಳಿಯೇ ಉಳಿದಾವು. ಇದಕ್ಕೆ ಎದುರಾಗಿ ಬರುವ ಮಾತು ಇನ್ನೂ ಗಟ್ಟಿಯದು: ಹೋಗದಿದ್ದರೆ ಆ ಹಣ ಹುಟ್ಟುವುದೇ ಇಲ್ಲ, ಕಂಡ ಮೇಲೇ ಕರುಳು ಕರಗುವುದು, ಬದುಕಿಡೀ ಕೊಡುವ ಬುದ್ಧಿ ಬರುವುದು. ಇದರಲ್ಲಿ ಸತ್ಯವಿದೆ. ಹಾಗಿದ್ದರೆ ಅದನ್ನು ಕಲಿಕೆಯ ಪ್ರವಾಸ ಎಂದು ಕರೆಯಲಿ, ಕಲಿಸಿದ ಊರಿಗೆ ಶುಲ್ಕ ಕೊಡಲಿ. ಚಿಂತಕ ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೋದ ಕುಎರ್ನವಾಕಾದಲ್ಲಿ, ಸೇವೆಗೆ ಹೊರಟು ನಿಂತಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೇ, ನೋಡಲು ಕಲಿಯಲು ಬರುವುದಾದರೆ ಸರಿ, ನೆರವಿನ ಹೆಸರಿನಲ್ಲಿ ಬರುವುದು ಬೇಡ ಎಂಬ ವಾದ ಮಂಡಿಸಿದ್ದರು. ಕರೆದವರನ್ನೇ ಬೈದ ಆ ಧೈರ್ಯ ಮೆಚ್ಚುವಂಥದು. ಆದರೆ ಅವರ ಮಾತನ್ನು ಅಕ್ಷರಶಃ ಹಿಡಿದರೆ ಬರಲೇಬೇಕಾದವರಿಗೂ ಬಾಗಿಲು ಮುಚ್ಚುತ್ತದೆ.

ಪಶ್ಚಿಮದವರ ಚಟ ಇದು, ನಮಗೇನು ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಹುಟ್ಟುಹಬ್ಬದ ದಿನ ಕೇಕು ಹಿಡಿದು ಅನಾಥಾಶ್ರಮಕ್ಕೆ ಹೋಗಿ, ಸಾಲಾಗಿ ಕುಳಿತ ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಬರುವ ರೂಢಿ ಬೆಂಗಳೂರಿನಲ್ಲೂ ಇದೆ, ತಾಲ್ಲೂಕು ಕೇಂದ್ರಗಳಲ್ಲೂ ಇದೆ. ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎಂದು 2015ರ ನಮ್ಮ ಬಾಲನ್ಯಾಯ ಕಾಯ್ದೆಯೇ ಹೇಳಿದ್ದರೂ, ಆ ಫೋಟೊದಲ್ಲಿರುವ ಮಗುವಿಗೆ ಮನೆಯಿದೆಯೇ ಎಂದು ಕೇಕು ತಂದವರು ಕೇಳುವುದಿಲ್ಲ.

ಹಾಗೆಂದು ಹೊರಗಿನವರು ಬರಲೇಬಾರದೆಂದಲ್ಲ, ಅವರ ಕೆಲಸ ಊರಿನ ಸೊತ್ತಾದ ಉದಾಹರಣೆಗಳಿಗೆ ಕೊರತೆಯಿಲ್ಲ. 1853ರಲ್ಲಿ ನಮ್ಮಲ್ಲಿಗೆ ಬಂದ ಜರ್ಮನ್ ಪಾದ್ರಿ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಬಂದ ಉದ್ದೇಶ ಮತಪ್ರಚಾರ, ಅದನ್ನು ಮರೆಮಾಚಬೇಕಿಲ್ಲ, ಆದರೆ ಊರಿನ ನುಡಿ ಕಲಿಯದೆ ಊರಿಗೆ ಬುದ್ಧಿ ಹೇಳಲು ಹೊರಟವರಲ್ಲ. ಅಷ್ಟು ವರ್ಷ ಇಲ್ಲೇ ಇರಬೇಕೆಂದೂ ಇಲ್ಲ. ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರು ಫ್ರೆಡ್ ಹಾಲೋಸ್ 1985ರಲ್ಲಿ ನೇಪಾಳಕ್ಕೆ ಬಂದಾಗ ಅಲ್ಲಿನ ತರುಣ ವೈದ್ಯ ಸಂದುಕ್ ರುಯಿತ್ ಪರಿಚಯವಾದರು. ಪ್ರತಿವರ್ಷ ಬಂದು ಕ್ಯಾಂಪು ನಡೆಸಿ ಹೋಗುವುದು ಸುಲಭದ ದಾರಿಯಾಗಿತ್ತು. ಅವರಿಬ್ಬರು ಹಿಡಿದದ್ದು ಬೇರೆ ದಾರಿ: ಶಸ್ತ್ರಚಿಕಿತ್ಸೆ ನೇಪಾಳಿಗಳ ಕೈಗೇ ಬರಬೇಕು, ಪೊರೆ ತೆಗೆದ ಕಣ್ಣಿಗೆ ಹಾಕುವ ಮಸೂರ ಕಠ್ಮಂಡುವಿನಲ್ಲೇ ತಯಾರಾಗಬೇಕು. ನೂರು ಡಾಲರ್ ದಾಟುತ್ತಿದ್ದ ಮಸೂರ ಕೆಲವೇ ಡಾಲರಿಗೆ ಇಳಿಯಿತು, ಹೊರದೇಶಗಳಿಗೂ ಹೋಯಿತು. ಹಾಲೋಸ್ 1993ರಲ್ಲಿ ತೀರಿಕೊಂಡರು. ರುಯಿತ್ ಅವರ ತಿಲ್‌ಗಂಗಾ ಆಸ್ಪತ್ರೆ ಬಾಗಿಲು ತೆರೆದದ್ದು ಅದರ ಮರುವರ್ಷ.